ಗುಡ್ಡೆ ಮಾಂಸ: ಕೊಂದವರು ಯಾರು?

ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಅಂದು ಮಾಂಸದಂಗಡಿ ಮುಂದೆ ಸಾಲು ನಿಲ್ಲುವವರು ಒಂದು ಕಡೆಯಾದರೆ, ಹತ್ತಾರು ಮನೆಯವರು ಸೇರಿ ಇಡೀ ಆಡು-ಕುರಿಯನ್ನೇ ತಂದು, ಕಡಿಸಿ, ಗುಡ್ಡೆ ಹಾಕಿ ಹಂಚಿಕೊಳ್ಳುವವರು ಇನ್ನೊಂದು ಕಡೆ. ಇದೇ ಗುಡ್ಡೆ ಮಾಂಸ, ಆಡುಮಾತಿನ ಗುಡ್ಡೆ ಬಾಡು. ಇದಕ್ಕೆಂದೇ ತಿಂಗಳು ತಿಂಗಳು ಚೀಟಿ ಕಟ್ಟುವವರೂ ಇದ್ದಾರೆ. ಮೇಕೆ ಫಾರಂಗಳು ಬಂದ ಮೇಲೆ ಪಟ್ಟಣದ ಗೆಳೆಯರ ಗುಂಪುಗಳೂ ನೇರವಾಗಿ ಅಲ್ಲಿಗೇ ಹೋಗಿ, ಹೋತ ಆರಿಸಿ, ಜೀವತೂಕಕ್ಕೆ ದರ ಮಾತಾಡಿ ತರುತ್ತಾರೆ. 30 ಕಿಲೋ ತೂಗುವ ಹೋತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಂಸ. ಮಿಕ್ಕಿದ್ದು ಚರ್ಮ, ರಕ್ತ, ತಲೆ-ಕಾಲು, ಬೋಟಿ.

ಅಂಗಡಿಯಲ್ಲಿ ಒಂದು ಕಿಲೋ ಕೊಳ್ಳುವವನಿಗೆ ಕಾಣುವುದು ಮಾಂಸ. ಫಾರಂನಲ್ಲಿ ಕೊಳ್ಳುವವನಿಗೆ ಕಾಣುವುದು ಪ್ರಾಣಿ. ಬೆನ್ನ ಮೇಲೆ ಬೆರಳೊತ್ತಿ, ಬಾಯಿ ಬಿಡಿಸಿ ಹಲ್ಲು ನೋಡಿ, ‘ಇದು ಆಗಲಿ’ ಎಂದ ಗಳಿಗೆಗೆ ಆ ಹೋತದ ಆಯುಸ್ಸು ಮುಗಿದಂತೆ. ಹೀಗಿರುವಾಗ ಕೊಂದವರು ಯಾರು? ಕತ್ತಿ ಹಿಡಿದವನೋ, ದುಡ್ಡು ಕೊಟ್ಟವರೋ, ಪಾಲು ಉಂಡವರೆಲ್ಲರೋ?

ಮಹಾಭಾರತದ ಅನುಶಾಸನ ಪರ್ವದಲ್ಲಿ ಭೀಷ್ಮ ಇದಕ್ಕೆ ನೇರ ಉತ್ತರ ಕೊಡುತ್ತಾನೆ. ಅವನ ಪ್ರಕಾರ ಕೊಲೆ ಮೂರು ಬಗೆ: ಕೊಳ್ಳುವವನು ಹಣದಿಂದ ಕೊಲ್ಲುತ್ತಾನೆ, ತಿನ್ನುವವನು ಭೋಗದಿಂದ, ಕಟುಕನು ಕಟ್ಟಿ ಕಡಿದು. ಮನುಸ್ಮೃತಿ ಪಟ್ಟಿಯನ್ನು ಇನ್ನೂ ಉದ್ದ ಮಾಡಿ, ಒಪ್ಪಿಗೆ ಕೊಟ್ಟವನಿಂದ ಹಿಡಿದು ಅಡುಗೆ ಮಾಡಿದವನು, ಬಡಿಸಿದವನವರೆಗೆ ಎಲ್ಲರನ್ನೂ ಘಾತಕರೆನ್ನುತ್ತದೆ. ಯಜ್ಞದ ಪಶುವಿಗೆ ಈ ಗ್ರಂಥಗಳಲ್ಲಿ ರಿಯಾಯಿತಿ ಉಂಟು. ಹೊಸತೊಡಕಿನ ಹೋತಕ್ಕೆ ಆ ರಿಯಾಯಿತಿ ಸಿಗದು.

ಬೌದ್ಧರ ನಿಯಮ ಮೇಲ್ನೋಟಕ್ಕೆ ಸಡಿಲ. ವೈದ್ಯ ಜೀವಕನಿಗೆ ಬುದ್ಧ ಹೇಳಿದಂತೆ, ತನಗಾಗಿಯೇ ಕೊಂದದ್ದನ್ನು ಭಿಕ್ಷು ನೋಡಿರಬಾರದು, ಕೇಳಿರಬಾರದು, ಆ ಶಂಕೆಯೂ ಬಂದಿರಬಾರದು. ಹಾಗಿದ್ದರೆ ಮಾಂಸ ಉಣ್ಣಬಹುದು. ಅಂಗಡಿಯ ಗಿರಾಕಿ ‘ನನಗಾಗಿ ಕಡಿದದ್ದಲ್ಲ, ಮೊದಲೇ ತೂಗುಹಾಕಿತ್ತು’ ಎನ್ನುವುದು ಈ ತರ್ಕದ ಸೋದರನೇ. ಆದರೆ ಈ ನಿಯಮ ಕೈಯಲ್ಲಿ ಕಾಸಿಲ್ಲದೆ, ಪಾತ್ರೆಗೆ ಬಿದ್ದದ್ದನ್ನು ಉಣ್ಣುವ ಭಿಕ್ಷುವಿಗಾಗಿ ಮಾಡಿದ್ದು. ದುಡ್ಡು ಕೊಟ್ಟು ಕೊಳ್ಳುವವನು ಅದನ್ನು ಎರವಲು ಪಡೆದರೆ ಅದು ನೆಪವಾಗುತ್ತದೆ, ಏಕೆಂದರೆ ಇಂದು ಖಾಲಿಯಾದ ಕೊಕ್ಕೆಗೆ ನಾಳೆ ಇನ್ನೊಂದು ಆಡು ಬರುವುದು ಅವನ ದುಡ್ಡಿನಿಂದಲೇ. ಅದೇ ಜೀವಕಸುತ್ತದ ಕೊನೆಯಲ್ಲಿ, ಬುದ್ಧನಿಗಾಗಿ ಪ್ರಾಣಿ ಕೊಲ್ಲುವವನು ಐದು ಹಂತದಲ್ಲಿ ಪಾಪ ಕಟ್ಟಿಕೊಳ್ಳುತ್ತಾನೆ ಎಂಬ ಮಾತು ಬರುತ್ತದೆ. ಮೊದಲ ಹಂತ ಕತ್ತಿಯದಲ್ಲ, ‘ಹೋಗಿ ಆ ಪ್ರಾಣಿಯನ್ನು ತಾ’ ಎಂಬ ಅಪ್ಪಣೆಯದು. ಎರಡನೆಯದು, ಕೊರಳಿಗೆ ಹಗ್ಗ ಬಿಗಿದು ಎಳೆದು ತರುವಾಗ ಅದು ಪಡುವ ಸಂಕಟ. ಫಾರಂನ ಗೇಟಿನಿಂದ ಟೆಂಪೋವರೆಗೆ ಹೋತ ಕಾಲೂರಿ ಹಿಂದಕ್ಕೆ ಜಗ್ಗುವುದನ್ನು ಕಂಡವರಿಗೆ ಈ ಎರಡನೆಯ ಹಂತವನ್ನು ಬಿಡಿಸಿ ಹೇಳಬೇಕಿಲ್ಲ.

ಜೈನರಲ್ಲಿ ನೆಪಕ್ಕೆ ಜಾಗವೇ ಇಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಹಿಂಸೆ. ಅದು ಮನಸ್ಸು, ಮಾತು, ಮೈ ಯಾವುದರಿಂದ ನಡೆದರೂ ಸರಿ. ಕನ್ನಡದಲ್ಲಿ ಇದರ ಕಟ್ಟಕಡೆಯ ರೂಪ ಜನ್ನನ 1209ರ ‘ಯಶೋಧರ ಚರಿತೆ’. ತಾಯಿಯ ಒತ್ತಾಯಕ್ಕೆ ಅರ್ಧ ಮಣಿದ ದೊರೆ ಜೀವದ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಒಂದು ಹನಿ ರಕ್ತವೂ ಬೀಳದ ಆ ಸಂಕಲ್ಪಕ್ಕಾಗಿ ತಾಯಿ-ಮಗ ಜನ್ಮಜನ್ಮಾಂತರ ತಿರ್ಯಕ್ ಯೋನಿಗಳಲ್ಲಿ ಹುಟ್ಟಿ ಸಾಯುತ್ತಾರೆ, ಆಡುಗಳಾಗಿಯೂ ಹುಟ್ಟುತ್ತಾರೆ. ಆ ಲೆಕ್ಕದಲ್ಲಿ ಹೋತದ ಹಲ್ಲು ನೋಡಿದವನ ಸ್ಥಿತಿ ಏನೆಂದು ಜನ್ನನನ್ನು ಕೇಳದಿರುವುದೇ ವಾಸಿ.

ಇದಕ್ಕೆ ಎದುರು ವಾದ ಹೂಡುವವನು ವನಪರ್ವದ ಧರ್ಮವ್ಯಾಧ. ಮಿಥಿಲೆಯಲ್ಲಿ ಮಾಂಸ ಮಾರುವ ಇವನು ತಾನು ಕೊಲ್ಲುವವನೂ ಅಲ್ಲ, ತಿನ್ನುವವನೂ ಅಲ್ಲ. ನೇಗಿಲು ಹೂಡಿದರೂ ನೆಲದೊಳಗಿನ ಜೀವಗಳು ಸಾಯುತ್ತವಲ್ಲ, ಹಿಂಸೆಯಿಲ್ಲದ ಬಾಳು ಯಾರದು ಎಂದು ಕೌಶಿಕನೆಂಬ ಬ್ರಾಹ್ಮಣನನ್ನು ಕೇಳುತ್ತಾನೆ. ಈ ಮಾತಿನಲ್ಲಿ ಸತ್ಯವಿದೆ. ಆದರೂ ಉಳುವಾಗ ಸತ್ತ ಹುಳುವನ್ನು ಯಾರೂ ಆರಿಸಿರಲಿಲ್ಲ. ಹಿಂಡಿನಲ್ಲಿ ಹೋತವನ್ನು ಬೆರಳು ತೋರಿಸಿ ಆರಿಸಿದ್ದು ಬೇರೆಯೇ ಮಾತು.

ಮಾರಮ್ಮನ ಮುಂದಿನ ಹರಕೆಯಲ್ಲಿ ಪ್ರಾಣಿಯನ್ನೇ ಕೇಳುವ ಪದ್ಧತಿಯುಂಟು. ತಲೆ, ಬೆನ್ನ ಮೇಲೆ ತೀರ್ಥ ಚಿಮುಕಿಸಿ ಕಾಯುತ್ತಾರೆ. ಅದು ಮೈ ಒದರಿದರೆ ಒಪ್ಪಿತೆಂದು ಅರ್ಥ. ತಣ್ಣೀರು ಬಿದ್ದ ಆಡು ಮೈ ಒದರದೆ ಇನ್ನೇನು ಮಾಡೀತು ಎನ್ನಬಹುದು, ಆದರೆ ಒಪ್ಪಿಗೆ ಬೇಕು ಎಂಬ ಅಳುಕಾದರೂ ಅಲ್ಲಿದೆ. ಫಾರಂನಲ್ಲಿ ಕೇಳುವುದು ತೂಕವನ್ನಷ್ಟೇ. ದೇವಾಲಯದಲ್ಲಿ ಹರಕೆಗೆಂದು ಕೊಲ್ಲುವುದನ್ನು ಕರ್ನಾಟಕದ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ತಡೆಯುತ್ತದೆ. ಊಟಕ್ಕೆಂದು ಕೊಲ್ಲುವುದು ಆ ಕಾಯ್ದೆಯ ವಿಷಯವಲ್ಲ. ಆಡು ಅದೇ, ಕತ್ತಿ ಅದೇ. ಕಾನೂನೂ ನೋಡುವುದು ಉದ್ದೇಶವನ್ನು. 2022ರ ಹೊಸತೊಡಕಿನ ಹೊತ್ತಿಗೆ ಎದ್ದ ಹಲಾಲ್-ಜಟ್ಕಾ ಜಗಳದಲ್ಲಂತೂ ಹೇಗೆ ಕೊಲ್ಲಬೇಕು ಎಂಬುದೇ ದೊಡ್ಡದಾಗಿ, ಕೊಂದವರು ಯಾರು ಎಂಬ ಪ್ರಶ್ನೆ ಮೂಲೆಗೆ ಸರಿಯಿತು.

ಉಳಿದದ್ದು ಪಾಲಿನ ಪ್ರಶ್ನೆ. ಗುಡ್ಡೆ ಹಾಕುವವರು ಹಂಚಿಕೆಯಲ್ಲಿ ಬಲು ಕಟ್ಟುನಿಟ್ಟು. ಮೂಳೆ, ಮೆತ್ತನೆಯ ತುಂಡು, ಕಿರುಬೆರಳಿನಷ್ಟು ಕೊಬ್ಬು, ಚೂರು ಲಿವರ್ ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಯಾವ ಗುಡ್ಡೆ ಯಾರಿಗೆಂಬುದನ್ನು ಚೀಟಿ ಎತ್ತಿಯೋ, ಬೆನ್ನು ತಿರುಗಿಸಿ ನಿಂತವನಿಂದ ಹೆಸರು ಕೂಗಿಸಿಯೋ ತೀರ್ಮಾನಿಸುವುದುಂಟು. ಹತ್ತು ಮನೆಗೆ ಹಂಚಿದರೆ ಹೊಣೆಯೂ ಹತ್ತರಲ್ಲೊಂದಾಗುತ್ತದೆಯೇ?

ಕುರ್ಬಾನಿಯ ನಿಯಮದಲ್ಲಿ ಇದಕ್ಕೆ ಹತ್ತಿರದ ವಿಚಾರವಿದೆ. ಹನಫಿ ಪಂಥದಲ್ಲಿ ಆಡು ಒಬ್ಬರ ಹೆಸರಿಗೆ, ದೊಡ್ಡ ಪ್ರಾಣಿಯಾದರೆ ಏಳು ಪಾಲು. ಆ ಏಳರಲ್ಲಿ ಒಬ್ಬನು ಬರೀ ಮಾಂಸದಾಸೆಗೆ ಸೇರಿದ್ದರೂ ಉಳಿದ ಆರೂ ಜನರ ಕುರ್ಬಾನಿ ಊರ್ಜಿತವಾಗದು. ಮಾಂಸವನ್ನು ತೂಕ ಮಾಡಿ ಹಂಚಬಹುದು, ಸಂಕಲ್ಪವನ್ನು ಹಂಚಲಾಗದು ಎಂಬುದೇ ಅದರ ಒಳಾರ್ಥ.

ಅಭಿಧರ್ಮಕೋಶದಲ್ಲಿ ಬೌದ್ಧ ಆಚಾರ್ಯ ವಸುಬಂಧು ಇದನ್ನೇ ಪಾಪದ ಕಡೆಯಿಂದ ಹೇಳುತ್ತಾನೆ. ಸೈನ್ಯದಲ್ಲಿ, ಬೇಟೆಯಲ್ಲಿ ಒಂದೇ ಗುರಿಗಾಗಿ ಕೂಡಿದವರಲ್ಲಿ ಒಬ್ಬನು ಕೊಂದರೂ ಎಲ್ಲರೂ ಕೊಂದವನಷ್ಟೇ ಹೊಣೆಗಾರರು, ಕಾಲುಭಾಗ ಅರೆಭಾಗವೆಂಬುದಿಲ್ಲ. ಬಲವಂತಕ್ಕೆ ಸೇರಿದವನಿಗೂ ಬಿಡುಗಡೆಯಿಲ್ಲ. ಪ್ರಾಣ ಹೋದರೂ ಕೊಲ್ಲೆನೆಂದು ಮೊದಲೇ ನಿಶ್ಚಯಿಸಿದವನು ಮಾತ್ರ ಹೊರಗು. ಈ ಅಳತೆಯಲ್ಲಿ, ಫಾರಂಗೆ ಹೋಗದೆ, ಹೋತದ ಮುಖ ನೋಡದೆ, ‘ಎಲ್ಲರೂ ಕಟ್ಟಿದರು, ನಾನೂ ಕಟ್ಟಿದೆ’ ಎಂದು ಚೀಟಿಗೆ ಹಣ ಹಾಕಿ ಮನೆಯಲ್ಲೇ ಉಳಿದವನೂ ಹಗ್ಗ ಹಿಡಿದವನ ಸಾಲಿನಲ್ಲೇ ನಿಲ್ಲುತ್ತಾನೆ.