ಆಟದೊಳಗಿನ ಲೆಕ್ಕ

ಮಕ್ಕಳಿಗೆ ಲೆಕ್ಕ ಕಲಿಸಲು ಆಟವನ್ನು ಬಳಸಬಹುದೆ? ಬಳಸಬಾರದೆಂದು ಯಾರೂ ಹೇಳಲಾರರು. ಮಾತೂ ಹೊಸದಲ್ಲ. ಈಜಿಪ್ಟಿನ ಮಕ್ಕಳು ಹಣ್ಣು, ಹೂಮಾಲೆಗಳನ್ನು ಹಂಚುತ್ತಲೂ, ಕುಸ್ತಿಪಟುಗಳನ್ನು ಜೋಡಿಮಾಡಿ ಉಳಿದವನ ಸರದಿಯನ್ನು ಗೊತ್ತುಮಾಡುತ್ತಲೂ ಎಣಿಕೆ ಕಲಿಯುತ್ತಾರೆಂದು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ‘ಲಾಸ್’ ಎಂಬ ಗ್ರಂಥದಲ್ಲಿ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿದ್ದಾನೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಹೀಗೆ ಕಲಿಸುವಾಗ ನಾವು ಮಗುವಿನೊಡನೆ ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತೇವೆಯೆ?

ಈಗ ಮೊಬೈಲಿನಲ್ಲಿ ಲೆಕ್ಕದ ಕ್ರಿಕೆಟ್ ಬಂದಿದೆ. ಏಳೆಂಟ್ಲ ಐವತ್ತಾರು ಎಂದು ಸರಿಯಾಗಿ ಒತ್ತಿದರೆ ಸಿಕ್ಸರ್; ತಪ್ಪಿದರೆ ವಿಕೆಟ್ ಬಿತ್ತು. ಮಗ್ಗಿ ಬಾಯಿಪಾಠವಾಗಲು ಇದರಿಂದ ನೆರವಾದೀತು. ಆದರೆ ಆ ಸಿಕ್ಸರಿಗೂ ಐವತ್ತಾರಕ್ಕೂ ಏನು ಸಂಬಂಧ? ಕಹಿ ಮಾತ್ರೆಯನ್ನು ಬೆಲ್ಲದಲ್ಲಿ ಅಡಗಿಸಿ ಕೊಟ್ಟಂತಾಯಿತು, ಅಷ್ಟೆ. ಬೆಲ್ಲ ಕರಗಿದ ಮೇಲೆ ಲೆಕ್ಕ ಕಹಿ ಎಂಬ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ.

ನಿಜವಾದ ಆಟದೊಳಗೆ ಲೆಕ್ಕವನ್ನು ಹೊರಗಿನಿಂದ ತಂದು ಸೇರಿಸಬೇಕಾಗಿಲ್ಲ. ಊರಿನಲ್ಲಿ ಚಿಣ್ಣಿದಾಂಡು ಆಡಿದವರು ನೆನಪಿಸಿಕೊಳ್ಳಲಿ. ಚಿಣ್ಣಿ ಎಷ್ಟು ದಾಂಡು ದೂರ ಬಿದ್ದಿದೆಯೆಂದು ಹೊಡೆದವನು ಅಂದಾಜಿನ ಮೇಲೆ ಕೇಳುವ ಕ್ರಮ ಹಲವು ಕಡೆ ಇತ್ತು. ಎದುರಾಳಿ ಒಪ್ಪದಿದ್ದರೆ ದಾಂಡಿನಿಂದ ಅಳೆಯಬೇಕು. ಕೇಳಿದ್ದಕ್ಕಿಂತ ಕಡಿಮೆ ಬಂದರೆ ಆಟ ಹೋಯಿತು. ಅತಿಯಾಸೆಗೂ ಅಂಜಿಕೆಗೂ ನಡುವೆ ಸರಿಯಾದ ಅಂಕಿಯನ್ನು ಹುಡುಕುವ ಈ ಅಭ್ಯಾಸವನ್ನು ಯಾರೂ ಗಣಿತವೆಂದು ಕರೆಯಲಿಲ್ಲ.

ನಮ್ಮ ನಗರದ ಮಕ್ಕಳಿಗೆ ಕ್ರಿಕೆಟ್ ಇದೆ. 1948ರ ಆಗಸ್ಟಿನಲ್ಲಿ ಓವಲ್ ಮೈದಾನದ ಕೊನೆಯ ಇನಿಂಗ್ಸಿಗೆ ಇಳಿದಾಗ ಬ್ರಾಡ್ಮನ್ನರ ಟೆಸ್ಟ್ ಸರಾಸರಿ ನೂರಾಗಲು ಬೇಕಿದ್ದುದು 4 ರನ್. ಅವರು ಸೊನ್ನೆಗೆ ಔಟಾದರು. 80 ಇನಿಂಗ್ಸಿನಲ್ಲಿ 6,996 ರನ್, ಸರಾಸರಿ 99.94. “ಎಂಬತ್ತರಿಂದ ಭಾಗಿಸಿದರೆ 87.45 ಅಲ್ಲವೆ?” ಎಂದು ಮಗು ಕೇಳಲಿ. 10 ಸಲ ಅವರು ಔಟಾಗದೆ ಉಳಿದುದರಿಂದ 70ರಿಂದ ಭಾಗಿಸುತ್ತಾರೆ. ಹಾಗೆ ಮಾಡುವುದು ನ್ಯಾಯವೆ? ಭಾಗಾಕಾರ ಇಲ್ಲಿ ನ್ಯಾಯದ ಪ್ರಶ್ನೆಯಾಗುತ್ತದೆ.

1992ರ ವಿಶ್ವಕಪ್ಪಿನ ಸಿಡ್ನಿ ಸೆಮಿಫೈನಲಿನಲ್ಲಿ ಇಂಗ್ಲೆಂಡಿನ ವಿರುದ್ಧ ದಕ್ಷಿಣ ಆಫ್ರಿಕಕ್ಕೆ 13 ಎಸೆತಗಳಲ್ಲಿ 22 ರನ್ ಬೇಕಿತ್ತು. ಮಳೆ ಬಂದು ನಿಂತ ಮೇಲೆ ಉಳಿದದ್ದು ಒಂದೇ ಎಸೆತ, ಬೇಕಾದದ್ದು 21 ರನ್! ಮೊದಲು ಆಡಿದ ತಂಡ ಅತಿ ಕಡಿಮೆ ರನ್ ಗಳಿಸಿದ ಓವರುಗಳನ್ನು ಕಳೆಯಬೇಕೆಂಬುದು ಅಂದಿನ ನಿಯಮ. ಕೂಡಿ ಕಳೆದದ್ದು ಸರಿಯಾಗಿಯೇ ಇತ್ತು, ಅಳತೆಗೋಲೇ ಡೊಂಕಾಗಿತ್ತು. ಮುಂದೆ ಡಕ್‌ವರ್ತ್ ಮತ್ತು ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಉಳಿದ ಓವರುಗಳ ಜೊತೆಗೆ ಉಳಿದ ವಿಕೆಟುಗಳನ್ನೂ ಲೆಕ್ಕಕ್ಕೆ ಹಿಡಿಯುವ ಕ್ರಮವನ್ನು ರೂಪಿಸಿದರು. ಅದು 1997ರಲ್ಲಿ ಬಳಕೆಗೆ ಬಂದಿತು.

ನಮ್ಮಂಥ ಗುಮಾಸ್ತರಿಗೆ ಇದರ ಅರ್ಥ ಬೇಗ ಆಗುತ್ತದೆ. ಪಿಂಚಣಿ ಕಡತದ ಪ್ರತಿಯೊಂದು ಅಂಕಿಯ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ. ಪಾಠದ ಲೆಕ್ಕ ತಪ್ಪಿದರೆ ಒಂದು ಅಂಕ ಹೋದೀತು. ಆಟದ ಲೆಕ್ಕ ತಪ್ಪಿದರೆ ಜೊತೆಗಾರನಿಗೆ ಅನ್ಯಾಯವಾಗುತ್ತದೆ. ತನ್ನ ಪಕ್ಷ ಒಂದು ರನ್ನಿನಿಂದ ಸೋಲುವುದೆಂದು ತಿಳಿದೂ ಸರಿಯಾದ ಮೊತ್ತವನ್ನೇ ಹೇಳುವ ಮಗು ಕೂಡುವುದನ್ನು ಮಾತ್ರ ಕಲಿತಿಲ್ಲ, ಸತ್ಯವನ್ನೂ ಕಲಿತಿದೆ.

ಆದ್ದರಿಂದ ಸ್ಕೋರು ಬರೆಯುವ ಕೆಲಸವನ್ನು ಮಕ್ಕಳಿಗೇ ಬಿಡೋಣ. ಓವರಿಗೊಂದು ಪ್ರಶ್ನೆ ಕೇಳಿ ಆಟ ಕೆಡಿಸುವುದು ಬೇಡ. ತಕರಾರು ಎದ್ದಾಗ ಪಕ್ಕದಲ್ಲಿ ಕುಳಿತು ಎಣಿಸಿದರೆ ಸಾಕು. ರಾತ್ರಿ ಊಟದ ಹೊತ್ತಿನಲ್ಲಿ ಆ ಪಂದ್ಯದ ಕಥೆಯನ್ನು ಕನ್ನಡದಲ್ಲಿ ಹೇಳಿಸಿದರೆ ಎಂಬತ್ತೇಳು, ತೊಂಬತ್ತೊಂಬತ್ತು ಎಂಬ ಮಾತುಗಳೂ ಅವರ ನಾಲಿಗೆಯ ಮೇಲೆ ಉಳಿದಾವು.