ಸ್ಥಿತಿಕರಣಾಂಗವೂ ಸೆರೆಮನೆಯೂ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳು. ಆರನೆಯದು ಸ್ಥಿತಿಕರಣ. ಶ್ರದ್ಧೆಯಿಂದಾಗಲಿ ಚಾರಿತ್ರದಿಂದಾಗಲಿ ಜಾರಿದವನ ಕೈಹಿಡಿದು ಮತ್ತೆ ಅದೇ ನೆಲೆಯಲ್ಲಿ ನಿಲ್ಲಿಸುವುದು ಇದರ ಲಕ್ಷಣ. ಶ್ರಾವಕರು ಇದನ್ನು ಬಾಯಿಪಾಠವಾಗಿ ಬಲ್ಲರು. ಆದರೆ ಜಾರಿದವನು ನಿಜವಾಗಿ ಮನೆಯ ಬಾಗಿಲಿಗೆ ಬಂದು ನಿಂತಾಗ ಈ ಅಂಗವು ನೆನಪಿಗೆ ಬರುವುದೇ ಎಂಬುದೇ ಪ್ರಶ್ನೆ.

ಈ ಅಂಗಕ್ಕೆ ದೃಷ್ಟಾಂತನಾದವನು ವಾರಿಷೇಣ. ಮಗಧದ ಶ್ರೇಣಿಕ ಮಹಾರಾಜನಿಗೂ ಚೇಲಿನಿ ದೇವಿಗೂ ಮಗ. ಒಂದು ಚತುರ್ದಶಿಯ ರಾತ್ರಿ ಆತನು ಉಪವಾಸವನ್ನು ಕೈಕೊಂಡು ಶ್ಮಶಾನದಲ್ಲಿ ಕಾಯೋತ್ಸರ್ಗದಿಂದ ನಿಂತಿದ್ದನು. ವಿದ್ಯುಚ್ಚೋರನೆಂಬವನು ಶ್ರೇಷ್ಠಿಯೊಬ್ಬನ ಮನೆಯಿಂದ ಹಾರವನ್ನು ಕದ್ದು ಓಡುತ್ತ, ಕಾವಲುಗಾರರು ಬೆನ್ನಟ್ಟಲು, ಹಾರವನ್ನು ಕುಮಾರನ ಮುಂದೆ ಎಸೆದು ಮರೆಯಾದನು. ಕಾವಲಿನವರು ಕಂಡದ್ದನ್ನೇ ಅರಸನಿಗೆ ಅರುಹಿದರು. ಅರಸನು ವಿಚಾರಿಸಲಿಲ್ಲ; ಮಗನ ಶಿರಚ್ಛೇದಕ್ಕೆ ಆಜ್ಞೆಯಿತ್ತನು. ಬೀಸಿದ ಖಡ್ಗವು ಕೊರಳಲ್ಲಿ ಹೂಮಾಲೆಯಾಯಿತು. ಶ್ರೇಣಿಕನು ಓಡಿಬಂದು ಮಗನ ಕ್ಷಮೆ ಬೇಡಿದನು. ಅಭಯವನ್ನು ಪಡೆದ ಬಳಿಕ ಕಳ್ಳನು ತಾನಾಗಿಯೇ ನಡೆದುದನ್ನೆಲ್ಲ ಒಪ್ಪಿಕೊಂಡನು.

ವಾರಿಷೇಣನು ದೀಕ್ಷೆ ತಳೆದನು. ಅವನೊಡನೆ ದೀಕ್ಷಿತನಾದ ಗೆಳೆಯ ಪುಷ್ಪಡಾಲನು ಹನ್ನೆರಡು ವರ್ಷ ಕಳೆದರೂ ಬಿಟ್ಟುಬಂದ ಮಡದಿಯನ್ನು ಮರೆಯದೆ ವ್ರತದಿಂದ ಜಾರತೊಡಗಿದನು. ವಾರಿಷೇಣ ಮುನಿಗಳು ಅವನನ್ನು ಹಳಿಯಲಿಲ್ಲ, ಸಂಘದಿಂದ ಅಟ್ಟಲಿಲ್ಲ. ತಮ್ಮ ಅರಮನೆಗೆ ಕರೆದೊಯ್ದು, ತಾವು ತೊರೆದ ಸಿರಿಯನ್ನೂ ಸತಿಯರನ್ನೂ ತೋರಿಸಿ, ಬೇಕಾದರೆ ಇವೆಲ್ಲವನ್ನೂ ಸ್ವೀಕರಿಸೆಂದರು. ಪುಷ್ಪಡಾಲನು ನಾಚಿ ವ್ರತದಲ್ಲಿ ಸ್ಥಿರನಾದನು. ಕಳ್ಳನೆಂಬ ಅಪವಾದ ಹೊತ್ತು ಖಡ್ಗದ ಕೆಳಗೆ ನಿಂತವನೇ ಜಾರಿದವನನ್ನು ಎತ್ತಿ ನಿಲ್ಲಿಸಿದ ಮಹಾತ್ಮನಾದನೆಂಬುದು ಮನನಯೋಗ್ಯ.

ಸೆರೆಮನೆಯಲ್ಲಿರುವವರೆಲ್ಲರೂ ಅಪರಾಧಿಗಳೆಂದು ಲೋಕವು ಭಾವಿಸುತ್ತದೆ. 2022ರ ಸರಕಾರಿ ಲೆಕ್ಕದಂತೆ ಭಾರತದ ಕೈದಿಗಳಲ್ಲಿ ನೂರಕ್ಕೆ 75ರಷ್ಟು ಮಂದಿ ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಿದ್ಧವಾಗಿರಲಿಲ್ಲ. ಎದುರಿಗೆ ಬಿದ್ದ ಹಾರವನ್ನಷ್ಟೇ ನೋಡಿ ತೀರ್ಪು ಕೊಡುವ ಅವಸರವು ಶ್ರೇಣಿಕನಂಥವನನ್ನೂ ಬಿಡಲಿಲ್ಲವೆಂದ ಮೇಲೆ ಉಳಿದವರ ಮಾತೇನು?

ಹಾಗಾದರೆ ತಪ್ಪಿಗೆ ದಂಡನೆ ಬೇಡವೇ? ಬೇಕು. ನೊಂದವನ ಕಣ್ಣೀರನ್ನು ಮರೆತು ನೋಯಿಸಿದವನಿಗೆ ತೋರುವ ಕನಿಕರವು ಅಹಿಂಸೆಯಲ್ಲ. ಮುನಿಗಳ ಪ್ರಾಯಶ್ಚಿತ್ತದಲ್ಲಿಯೂ ಒಂಬತ್ತು ಭೇದಗಳಿವೆ. ಆಲೋಚನೆಯಿಂದ, ಎಂದರೆ ಗುರುವಿನ ಮುಂದೆ ದೋಷವನ್ನು ನಿವೇದಿಸುವುದರಿಂದ, ಅದು ಆರಂಭವಾಗುತ್ತದೆ. ಎಂಟನೆಯದು ಪರಿಹಾರ, ಪಕ್ಷ, ಮಾಸ ಮುಂತಾದ ಅವಧಿಗೆ ಸಂಘದಿಂದ ದೂರವಿಡುವುದು. ಆದರೆ ಅದು ಕೊನೆಯದಲ್ಲ. ಕೊನೆಯದು ಉಪಸ್ಥಾಪನೆ, ಪುನಃ ದೀಕ್ಷೆಯಿತ್ತು ನೆಲೆಗೊಳಿಸುವುದು. ದೂರವಿಡುವುದು ಮರಳಿ ಸೇರಿಸಿಕೊಳ್ಳುವುದಕ್ಕಾಗಿ.

ರಾಜ್ಯದ ಕಾನೂನೂ ತಡವಾಗಿ ಈ ದಾರಿಗೆ ಬಂದಿತು. 1894ರ ಕಾರಾಗೃಹ ಕಾಯಿದೆಯು ಶಿಸ್ತು-ಶಿಕ್ಷೆಗಳಿಗೇ ಪ್ರಾಧಾನ್ಯವಿತ್ತಿತು. 1919-20ರ ಸೆರೆಮನೆ ಸಮಿತಿಯು ಕೈದಿಯ ಸುಧಾರಣೆಯೂ ಸೆರೆಯ ಗುರಿಯೆಂದು ಸಾರಿತು. 1939ರಲ್ಲಿ ಔಂಧ್ ಸಂಸ್ಥಾನದ ಅರಸರು ಈಗಿನ ಸಾಂಗ್ಲಿ ಜಿಲ್ಲೆಯ ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯನ್ನು ಸ್ಥಾಪಿಸಿದರು. ಇದರ ಹಿಂದಿದ್ದವರು ಪೋಲೆಂಡಿನಿಂದ ಬಂದು ಬೆಂಗಳೂರಿನ ವಿದ್ಯುತ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಮಾರಿಸ್ ಫ್ರೀಡ್‌ಮನ್. ಎತ್ತರದ ಗೋಡೆಯಿಲ್ಲದ ಅಲ್ಲಿ ಕೈದಿಗಳು ಹೊಲ ಉತ್ತು ಬಾಳಿದರು. ವಿ. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಈ ಪ್ರಯೋಗವೇ ಪ್ರೇರಣೆ. ನಂಬಿಕೆಗೆ ಪಾತ್ರನಾದವನು ನಂಬಿಕೆಯನ್ನು ಕಾಯುವನೆಂಬುದೇ ಅದರ ತಿರುಳು.

ಇನ್ನು ಗೃಹಸ್ಥನ ಮಾತು. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದನ್ನೂ ಅನ್ನನೀರು ತಡೆಯುವುದನ್ನೂ ಆಚಾರ್ಯರು ದೋಷವೆಂದರು. ಸೆರೆಯಿಂದ ಹೊರಬಂದವನಿಗೆ ಕೂಲಿ ಕೊಡದೆ, ಬಾಡಿಗೆಗೆ ಕೋಣೆ ಕೊಡದೆ ಊರೆಲ್ಲ ಒಂದಾದರೆ ಅದೂ ಅನ್ನಪಾನನಿರೋಧವೇ ಸರಿ. ಅಚೌರ್ಯಾಣುವ್ರತದ ಅತಿಚಾರಗಳನ್ನೂ ನೋಡಬೇಕು. ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು ಇವುಗಳ ಪಕ್ಕದಲ್ಲಿಯೇ ತೂಕ-ಅಳತೆಯ ಮೋಸವೂ ಕಲಬೆರಕೆಯೂ ಕುಳಿತಿವೆ. ತಕ್ಕಡಿಯನ್ನು ಬೆರಳಿನಿಂದ ಒತ್ತುವ ವರ್ತಕನು ಸೆರೆಮನೆಯ ಹೊರಗಿದ್ದಾನೆ, ದೋಷದ ಹೊರಗಿಲ್ಲ. ಇದನ್ನರಿತವನಿಗೆ ಬಿದ್ದವನನ್ನು ಕಂಡು ತಿರಸ್ಕಾರ ಹುಟ್ಟದು.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಮೊದಲಾಗುತ್ತದೆ. ಹತ್ತು ದಿನ ಉಪವಾಸ, ಏಕಭುಕ್ತ ಮಾಡಿ, ಕ್ಷಮಾವಾಣಿಯ ದಿನ ಬಂಧುಗಳಲ್ಲಿ ಕ್ಷಮೆ ಯಾಚಿಸುವುದು ಸುಲಭ. ಅವರು ಕ್ಷಮಿಸಿಯೇ ಇರುತ್ತಾರೆ. ಶಿಕ್ಷೆ ಮುಗಿಸಿ ಬಂದವನೊಬ್ಬನು ಅದೇ ದಿನ ಅಂಗಡಿಯ ಮೆಟ್ಟಿಲ ಬಳಿ ಕೆಲಸ ಕೇಳಿ ನಿಂತರೆ, ಉಪವಾಸದ ಫಲವು ತಿಳಿಯುವುದು ಅಲ್ಲಿ. ವಿವೇಕದಿಂದ ಸಣ್ಣ ಹೊಣೆಯೊಂದನ್ನು ಒಪ್ಪಿಸಿ, ಹಳೆಯ ಹೆಸರಿನಿಂದ ಕರೆಯದೆ, ಅವನಿಗೆ ನಿಲ್ಲಲು ನೆಲ ಕೊಟ್ಟ ಶ್ರಾವಕನಲ್ಲಿ ಆರನೆಯ ಅಂಗವು ಬಾಯಿಪಾಠವಾಗಿ ಉಳಿಯದೆ ಜೀವ ತಳೆಯುತ್ತದೆ.