ನಾನೇ ಬೆರೆಸಿಕೊಂಡರೆ ತಪ್ಪೇನು?

(ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ಕುಂದರ್ರಿ. ಹಿಂದಿನವರು ಆ ಫ್ಯಾನ್ ಸ್ವಲ್ಪ ಜೋರು ಮಾಡ್ರಪ್ಪಾ.

ಇವತ್ತಿಗೆ ನಾನು ತಯಾರಿ ಮಾಡಿದ್ದ ಸಂದೇಶ ಬೇರೆ ಇತ್ತು. ಅದನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆ ತಗೊಂಡು ಬಂದಿದ್ದೀನಿ. ಆಳಂದ ಕಡೆಯ ಒಬ್ಬ ತಮ್ಮ, ಪುಣೆಯಲ್ಲಿ ಕೆಲಸ. ಹೆಸರು ಹೇಳಲ್ಲ, ಅವನ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಿದ್ದೀನಿ. ಹೋದ ತಿಂಗಳು ಊರಿಗೆ ಬಂದಾಗ ನಮ್ಮ ಮನೆಗೆ ಬಂದ. ಚಹಾ ಕುಡಿದಾದ ಮೇಲೆ ಬ್ಯಾಗಿನಿಂದ ನಾಲ್ಕು ಸಣ್ಣ ಬಾಟಲಿ, ಒಂದು ಸಿರಿಂಜ್, ಬಂಗಾರದ ಅಂಗಡಿಯಲ್ಲಿ ಇರ್ತದಲ್ಲ ಅಂಥ ಪುಟ್ಟ ತೂಕದ ಯಂತ್ರ, ಒಂದು ನೋಟ್‌ಬುಕ್, ಎಲ್ಲ ತೆಗೆದು ಮೇಜಿನ ಮೇಲಿಟ್ಟ. ನಾನು ಏನೋ ಔಷಧಿ ಅಂದುಕೊಂಡೆ.

"ಅಣ್ಣಾ, ಸಿಗರೇಟ್ ಬಿಟ್ಟು ಎಂಟು ತಿಂಗಳಾಯ್ತು. ಈಗ ವೇಪ್ ಸೇದ್ತೀನಿ. ಹೊರಗ ಸಿಗೋದು ಕಳ್ಳ ಮಾಲು, ಅದರಾಗ ಏನ್ ಹಾಕಿರ್ತಾರೋ ಯಾರಿಗೆ ಗೊತ್ತು. ಅದಕ್ಕ ನಾನೇ ರೂಮಿನಾಗ ಬೆರಸ್ಕೊಳ್ತೀನಿ. ಯಾರಿಗೂ ಮಾರಂಗಿಲ್ಲ, ಯಾರಿಗೂ ಕೊಡಂಗಿಲ್ಲ. ಬೈಬಲ್‌ನಾಗ ವೇಪ್ ಅನ್ನೋ ಶಬ್ದನೇ ಇಲ್ಲ. ನಾನೇ ಬೆರಸ್ಕೊಂಡ್ರ ತಪ್ಪೇನದ, ಹೇಳ್ರಿ?"

ನಿಜ ಹೇಳ್ತೀನಿ, ನನ್ನ ಬಾಯಿಂದ ತಕ್ಷಣ ಉತ್ತರ ಬರಲಿಲ್ಲ. ಬೈಬಲ್ ಕಾಲೇಜಿನಲ್ಲಿ ಈ ಪಾಠ ಇರಲಿಲ್ಲ. "ಅದು ಪಾಪ, ಮುಗೀತು" ಅಂತ ಹೇಳಿ ಕಳಿಸಬಹುದಿತ್ತು. ಆದರೆ ಅವನು ಕದ್ದು ಸೇದುವವನಲ್ಲ, ಮೇಜಿನ ಮೇಲೆ ಎಲ್ಲ ತೆಗೆದಿಟ್ಟು ಕೇಳಿದವನು. ಅಂಥವನಿಗೆ ಅರ್ಧ ಉತ್ತರ ಕೊಟ್ಟರೆ ಇನ್ನೊಮ್ಮೆ ಅವನು ಯಾವ ಪಾಸ್ಟರ್ ಮುಂದೆಯೂ ಬ್ಯಾಗ್ ಬಿಚ್ಚುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ವೇಪ್ ಅಂದರೆ ಬ್ಯಾಟರಿಯಿಂದ ಬಿಸಿಯಾಗುವ ಒಂದು ಸಣ್ಣ ಸುರುಳಿ. ಅದರ ಮೇಲೆ ದ್ರವ ಬಿದ್ದು ಆವಿಯಾಗ್ತದೆ, ಅದನ್ನು ಒಳಗೆ ಎಳೆದುಕೊಳ್ಳುತ್ತಾರೆ. ಆ ದ್ರವದಲ್ಲಿ ಹೆಚ್ಚಿನ ಭಾಗ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಜೊತೆಗೆ ಮಾವಿನ ಹಣ್ಣಿನದೋ ಪುದೀನದೋ ಪರಿಮಳ, ಮತ್ತೆ ನಿಕೋಟಿನ್. ಮೊದಲನೆಯ ಎರಡು ಔಷಧಿ ಸಿರಪ್ಪಿನಲ್ಲೂ ಇರ್ತವೆ, ಕೇಕಿನಲ್ಲೂ ಇರ್ತವೆ. ಅದಕ್ಕೇ ನಮ್ಮ ತಮ್ಮ "ಎಲ್ಲ ತಿನ್ನೋ ವಸ್ತುನೇ ಅಣ್ಣಾ" ಅಂದ.

ಮೊದಲು ಕಾನೂನು ನೋಡೋಣ. ನಮ್ಮ ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟ್ ನಿಷೇಧ ಮಾಡಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದಿತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಸುವುದು, ಆಮದು, ರಫ್ತು, ಸಾಗಿಸುವುದು, ಮಾರುವುದು, ಹಂಚುವುದು, ದಾಸ್ತಾನು ಇಡುವುದು, ಜಾಹೀರಾತು ಕೊಡುವುದು, ಎಲ್ಲ ನಿಷಿದ್ಧ. ತಯಾರಿಸಿ ಮಾರಿದರೆ ಮೊದಲ ಸಲ ಒಂದು ವರ್ಷದ ತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಸೇದುವುದು ಅನ್ನುವ ಮಾತು ಆ ಪಟ್ಟಿಯಲ್ಲಿ ಇಲ್ಲ. ಇದು ನಮ್ಮ ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. "ತಯಾರಿಸುವುದು ಅಂತ ಇದೆಯಲ್ಲೋ" ಅಂದೆ. "ಅದು ಸಾಧನದ ಬಗ್ಗೆ ಅಣ್ಣಾ, ದ್ರವದ ಬಗ್ಗೆ ಅಲ್ಲ" ಅಂದ. ನಾನು ವಕೀಲ ಅಲ್ಲ, ಅದರ ಮೇಲೆ ವಾದ ಬೆಳೆಸಲಿಲ್ಲ. ಆದರೆ ಅವನ ಉತ್ತರ ಕೇಳಿದ ಕೂಡಲೇ ಅಫಜಲಪುರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಪಾನ್ ಡಬ್ಬಿ ನೆನಪಾಯ್ತು.

2013ರ ಮೇ 31, ವಿಶ್ವ ತಂಬಾಕು ರಹಿತ ದಿನ. ಅವತ್ತು ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯ್ತು. ಬಾಜೂಕಿನ ಮಹಾರಾಷ್ಟ್ರದಲ್ಲಿ ಅದರ ಹಿಂದಿನ ವರ್ಷವೇ ಆಗಿತ್ತು. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಅಂತ 2011ರ ಆಹಾರ ಸುರಕ್ಷತೆಯ ನಿಯಮ ಇದೆ, ಅದರ ಆಧಾರದ ಮೇಲೆ. ಆಗ ಏನಾಯ್ತು? ನಿಮ್ಮಲ್ಲಿ ಜೇವರ್ಗಿ, ಆಳಂದ, ಅಫಜಲಪುರದವರಿಗೆ ನಾನು ಹೇಳುವ ಅವಶ್ಯಕತೆನೇ ಇಲ್ಲ. ಒಂದು ಪ್ಯಾಕೆಟ್ ಎರಡಾಯ್ತು. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿ ಬಾಯಿಗೆ. ಕಂಪನಿಯವನು ನಾನು ಮಸಾಲ ಮಾತ್ರ ಮಾಡಿದೆ ಅಂತಾನೆ. ಅಂಗಡಿಯವನು ನಾನು ಎರಡು ಬೇರೆ ಬೇರೆ ಮಾಲು ಮಾರಿದೆ ಅಂತಾನೆ. ತಿನ್ನುವವನು ನನಗ್ಯಾರೂ ಗುಟ್ಕಾ ಕೊಟ್ಟಿಲ್ಲ ಅಂತಾನೆ. ಮೂವರೂ ಸತ್ಯ ಹೇಳ್ತಿದ್ದಾರೆ ನೋಡ್ರಿ! ಆದರೂ ಬಾಯೊಳಗೆ ಇರುವುದು ಗುಟ್ಕಾನೇ. ಇದು ಸುಪ್ರೀಂ ಕೋರ್ಟಿನ ತನಕ ಹೋಗಿ, 2016ರ ಸೆಪ್ಟೆಂಬರ್‌ನಲ್ಲಿ ಆ ನಿಷೇಧ ಸರಿಯಾಗಿ ಪಾಲಿಸಿ ಅಂತ ರಾಜ್ಯಗಳಿಗೆ ಹೇಳಬೇಕಾಯ್ತು. ನೀವು ಇವತ್ತು ಮನೆಗೆ ಹೋಗುವಾಗ ದಾರಿಯಲ್ಲಿ ನೋಡ್ರಿ, ಮಾಲೆ ಮಾಲೆ ತೂಗ್ತಿರ್ತವೆ.

ಇದನ್ನು ನಾನು ಹೊರಗಿನವನಾಗಿ ಹೇಳ್ತಿಲ್ಲ. ನಮ್ಮಪ್ಪ ಭೀಮಾ ನದಿ ದಂಡೆಯ ಹೊಲಗಳಲ್ಲಿ ಕೂಲಿ ಮಾಡುವಾಗ ಸೊಂಟದಲ್ಲಿ ಸುಣ್ಣದ ಡಬ್ಬಿ, ತಂಬಾಕಿನ ಚೀಲ ಎರಡೂ ಇರ್ತಿದ್ದವು. ಎಡಗೈ ಮೇಲೆ ಬಲಗೈ ಹೆಬ್ಬೆರಳಿಂದ ತಿಕ್ಕಿ, ಎರಡು ಸಲ ಚಪ್ಪಾಳೆ ಹೊಡೆದು ಧೂಳು ಹಾರಿಸಿ, ತುಟಿಯೊಳಗೆ. ನಾನು ಕಾಲೇಜಿಗೆ ಬಂದಾಗ ಮಾವಾಕ್ಕೆ ಬಿದ್ದೆ. ಅಡಿಕೆ ಚೂರು, ತಂಬಾಕು, ಸುಣ್ಣ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಗಸಗಸ ತಿಕ್ಕಬೇಕು. ತಿಕ್ಕುವುದೇ ಒಂದು ರುಚಿ, ಗೊತ್ತಾ? ಎಷ್ಟು ಸುಣ್ಣ, ಎಷ್ಟು ಹೊತ್ತು, ಗೆಳೆಯರಲ್ಲಿ ನಾನೇ ಜಾಣ ಅಂತ ಹೆಸರಿತ್ತು. "ನೀ ತಿಕ್ಕಿದ್ದೇ ಬೇಕು" ಅಂತಿದ್ದರು. ಆ ಹೊಗಳಿಕೆ ನನಗೆ ತಂಬಾಕಿಗಿಂತ ಹೆಚ್ಚು ಹಿಡಿಸಿತ್ತು.

ಅದಕ್ಕೇ ಆ ತಮ್ಮನ ನೋಟ್‌ಬುಕ್ ತೆರೆದಾಗ ನನಗೆ ನಗು ಬರಲಿಲ್ಲ. ತಾರೀಖು ಹಾಕಿ, ಯಾವುದು ಎಷ್ಟು ಅಂತ ಬರೆದು, ಪಕ್ಕದಲ್ಲಿ "ಗಂಟಲು ಉರಿ", "ಮಸ್ತ್ ಇದೆ" ಅಂತ ಟಿಪ್ಪಣಿ. ಅಷ್ಟು ಚಂದದ ಅಕ್ಷರ. ಯೆಶಾಯ ಐದನೆಯ ಅಧ್ಯಾಯದಲ್ಲಿ ಪ್ರವಾದಿ ಒಂದು ಗುಂಪಿನವರನ್ನು ಅಣಕಿಸುತ್ತಾನೆ. ಯುದ್ಧದಲ್ಲಿ ಶೂರರಾಗಬೇಕಾದವರು ಮದ್ಯ ಬೆರೆಸುವುದರಲ್ಲಿ ಶೂರರಾಗಿದ್ದಾರೆ ಅಂತ. ಆ ಮಾತು ಓದಿದಾಗಲೆಲ್ಲ ನನಗೆ ನನ್ನ ಪ್ಲಾಸ್ಟಿಕ್ ಹಾಳೆ ಕಾಣ್ತದೆ. ಚಟಕ್ಕೆ ಒಂದು ಕೈಚಳಕ ಸೇರಿದರೆ ಅದು ಚಟ ಅಂತ ಅನಿಸುವುದೇ ಇಲ್ಲ, ಹವ್ಯಾಸ ಅನಿಸ್ತದೆ.

ಹಾಗಂತ ಬೆರೆಸುವುದೇ ಪಾಪ ಅಂತ ನಾನು ಹೇಳಲ್ಲ. ವಿಮೋಚನಕಾಂಡ ಮೂವತ್ತರಲ್ಲಿ ದೇವರೇ ಮೋಶೆಗೆ ತೂಕ ಹಾಕಿ ಕೊಟ್ಟಿದ್ದಾನೆ: ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಹೀಗೆ ಅಭಿಷೇಕ ತೈಲಕ್ಕೆ. ಧೂಪಕ್ಕೂ ಲೆಕ್ಕ ಇದೆ, ಎಲ್ಲ ಸಮಭಾಗ. ಆಮೇಲೆ ಒಂದು ಎಚ್ಚರಿಕೆ ಬರ್ತದೆ: ಇದನ್ನೇ ತನ್ನ ಮೂಗಿನ ಸುಖಕ್ಕೆ ಮಾಡಿಕೊಂಡವನು ಜನರೊಳಗಿಂದ ತೆಗೆದುಹಾಕಲ್ಪಡಬೇಕು. ಕೆಲವು ಪ್ರಸಂಗಿಗಳು ಈ ವಾಕ್ಯ ಹಿಡಿದು ವೇಪ್‌ಗೆ ನೇರ ಹೊಡೆಯಬಹುದು. ನಾನು ಹಾಗೆ ಮಾಡಲ್ಲ, ಅದು ಗುಡಾರದ ಧೂಪದ ಬಗ್ಗೆ ಇರುವ ಮಾತು. ಆದರೆ ಒಂದು ಪ್ರಶ್ನೆ ಮಾತ್ರ ಅಲ್ಲಿಂದ ತಗೊಳ್ತೀನಿ. ಬೆರೆಸುವ ಕೈ ಯಾರ ಸೇವೆ ಮಾಡ್ತಿದೆ? ಪೌಲನು ಕೊರಿಂಥದವರಿಗೆ ಬರೆದದ್ದೂ ಇದೇ: ನನಗೆ ಅನುಮತಿ ಇದ್ದರೂ, ಯಾವುದರ ಅಧಿಕಾರಕ್ಕೂ ನಾನು ಒಳಗಾಗಲ್ಲ ಅನ್ನುವ ಅರ್ಥದಲ್ಲಿ. ಅವನನ್ನು ಕೇಳಿದೆ, "ಬೆಳಿಗ್ಗೆ ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೇ ದಮ್?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಲ್ಲು ತಿಕ್ಕೋಕಿಂತ ಮೊದಲ" ಅಂದ.

ಈಗ ಅವನ ಪರವಾಗಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸಂಸ್ಥೆ 2015ರಲ್ಲಿ, ವೇಪ್ ಸಿಗರೇಟಿಗಿಂತ ಸುಮಾರು ಶೇಕಡಾ 95ರಷ್ಟು ಕಡಿಮೆ ಹಾನಿಕರ ಅಂತ ಅಂದಾಜು ಮಾಡಿತು. ಆ ಅಂಕಿಯ ಮೇಲೆ ಡಾಕ್ಟರುಗಳಲ್ಲೇ ಬಹಳ ಜಗಳ ನಡೆದಿದೆ. ಹೋಗಲಿ, ಸಿಗರೇಟಿನ ಹೊಗೆಗಿಂತ ಕಡಿಮೆ ಅಂತಲೇ ಇಟ್ಟುಕೊಳ್ಳೋಣ. ನಮ್ಮ ದೇಶದಲ್ಲಿ ವೇಪ್ ನಿಷೇಧ, ಸಿಗರೇಟು ಮಾತ್ರ ಪ್ರತಿ ಗಲ್ಲಿಯಲ್ಲಿ. ಇದು ಯಾವ ನ್ಯಾಯ ಅಂತ ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಮನೆಯಲ್ಲಿ ಬೆರೆಸುವುದರಲ್ಲಿ ಬೇರೆ ಅಪಾಯ ಇದೆ. ತಿನ್ನುವ ವಸ್ತು ಅಂದ ಮಾತ್ರಕ್ಕೆ ಉಸಿರಾಡುವ ವಸ್ತು ಅಲ್ಲ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಅಂತ ಒಂದಿದೆ, ತಿಂದರೆ ಏನೂ ಆಗಲ್ಲ. 2000ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದ್ದ ಎಂಟು ಜನರ ಶ್ವಾಸಕೋಶದ ಸಣ್ಣ ನಾಳಗಳೇ ಮುಚ್ಚಿಕೊಂಡದ್ದು ಬೆಳಕಿಗೆ ಬಂತು. ಆಮೇಲೆ ತನಿಖೆ ಆ ಪರಿಮಳದ ಆವಿಯ ಕಡೆ ಬೆರಳು ತೋರಿಸಿತು. 2019ರಲ್ಲಿ ಅದೇ ಅಮೆರಿಕದಲ್ಲಿ ವೇಪ್ ಮಾಡಿದ ಯುವಕರು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ, ಅದರಲ್ಲಿ 68 ಸಾವು. ಹೆಚ್ಚಿನವರು ಎಳೆದದ್ದು ಗಾಂಜಾದ ಸತ್ವ ಇದ್ದ ಕಳ್ಳ ಮಾಲು, ಅದರಲ್ಲಿ ಯಾರೋ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಬೆರೆಸಿದ್ದರು. ನಮ್ಮ ತಮ್ಮನದು ಆ ಮಾಲಲ್ಲ, ಅದು ಸರಿ. ಆದರೆ ಆ ಬೆರೆಸಿದವರೂ ಆ ಎಣ್ಣೆ ಏನೂ ಮಾಡಲ್ಲ ಅಂತಲೇ ಅಂದುಕೊಂಡಿರಬೇಕು. ಇನ್ನು ನಿಕೋಟಿನ್. ಗಟ್ಟಿ ದ್ರಾವಣ ಚರ್ಮದ ಮೇಲೆ ಬಿದ್ದರೂ ಒಳಗೆ ಹೋಗ್ತದೆ. ಲೆಕ್ಕದಲ್ಲಿ ಒಂದು ಚುಕ್ಕಿ ಆಚೆ ಈಚೆ ಆದರೆ ಹತ್ತು ಪಟ್ಟು. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಮನೆಯಲ್ಲಿ ಒಂದು ವರ್ಷದ ಕೂಸು ದ್ರವ ನಿಕೋಟಿನ್ ಕುಡಿದು ತೀರಿಕೊಂಡಿತು. ನಮ್ಮ ರಾಜ್ಯ 2019ರಲ್ಲಿ ನಿಕೋಟಿನ್ ಅನ್ನು ವಿಷದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಅವನು ಊರಿಗೆ ಬಂದಾಗ ಆ ಬ್ಯಾಗು ಎಲ್ಲಿಡ್ತಾನೆ? ಅಕ್ಕನ ಮನೆಯಲ್ಲಿ. ಅಕ್ಕನಿಗೆ ಮೂರು ವರ್ಷದ ಮಗಳು, ಎಲ್ಲ ಬ್ಯಾಗೂ ತೆಗೆದು ನೋಡುವ ವಯಸ್ಸು. ಬಾಟಲಿಗೆ ಮಾವಿನ ಹಣ್ಣಿನ ವಾಸನೆ. ಇದನ್ನು ಹೇಳಿದಾಗ ಅವನ ಮುಖ ಬದಲಾಯ್ತು. "ಯಾರಿಗೂ ಕೊಡಂಗಿಲ್ಲ" ಅಂದಿದ್ದನಲ್ಲ, ಆ ಮಾತಿನ ಮೇಲೆ ಮೊದಲ ಸಲ ಅವನಿಗೇ ಅನುಮಾನ ಬಂತು. ನನ್ನ ಮಟ್ಟಿಗೆ ಉತ್ತರದ ದೊಡ್ಡ ಭಾಗ ಇದೇ. ಕಂಪನಿ, ಅಂಗಡಿ, ಗಿರಾಕಿ ಮೂರೂ ನೀನೇ ಆದಾಗ, ಹೆಚ್ಚುಕಡಿಮೆ ಆದರೆ ತಡೆಯುವವರು ಯಾರೂ ಉಳಿಯಲ್ಲ.

ಈಗ ಕಷ್ಟದ ಮಾತಿಗೆ ಬರ್ತೀನಿ. ಅವನು ಕೊನೆಗೆ ಕೇಳಿದ: "ಅಣ್ಣಾ, ನೀವು ಮಾವಾ ಬಿಟ್ಟಿದ್ದು ಒಂದೇ ರಾತ್ರಿಯಾಗ ಅಲ್ಲ? ಸಾಕ್ಷಿ ಹೇಳೀರಿ. ನನಗ ಯಾಕ ಹಂಗ ಆಗವಲ್ದು?"

ಹೌದು, ಹೇಳಿದ್ದೆ. ದೀಕ್ಷಾಸ್ನಾನ ಆದ ವರ್ಷ, ಉಪವಾಸ ಪ್ರಾರ್ಥನೆಯ ರಾತ್ರಿ ಸ್ಟೇಜ್ ಮೇಲೆ ನಿಂತು, ಕರ್ತನು ನನ್ನನ್ನು ಒಂದೇ ಕ್ಷಣದಲ್ಲಿ ಬಿಡಿಸಿದನು ಅಂದೆ. ಜನ ಹಲ್ಲೆಲೂಯ ಅಂದರು. ಆ ರಾತ್ರಿ ನನಗೆ ಆದ ಸ್ಪರ್ಶ ಸುಳ್ಳಲ್ಲ, ಇವತ್ತಿಗೂ ಹೇಳ್ತೀನಿ. ಆದರೆ ಅದರ ನಂತರ ನಾಲ್ಕು ತಿಂಗಳು ನಾನು ಕದ್ದು ಮಾವಾ ತಿಂದೆ. ಸಭೆಯವರು ಕಾಣದ ಗಲ್ಲಿಗೆ ಹೋಗಿ, ಏಲಕ್ಕಿ ಅಗಿದು ವಾಪಸ್ ಬರ್ತಿದ್ದೆ. ಸಾಕ್ಷಿ ಹೇಳಿಬಿಟ್ಟಿದ್ದೆನಲ್ಲ, ಯಾರ ಹತ್ತಿರ ಸಹಾಯ ಕೇಳಲಿ? ನಿಜವಾಗಿ ಬಿಟ್ಟದ್ದು ಚಿಕ್ಕಪ್ಪನನ್ನು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಕರೆದುಕೊಂಡು ಹೋದ ಮೇಲೆ. ಅವರ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೀತಿತ್ತು. ಆಮೇಲೂ ಹಲವು ಸಲ ಬಿದ್ದೆ, ಎದ್ದೆ. ಈ ನಾಲ್ಕು ತಿಂಗಳ ಮಾತನ್ನು ನಾನು ಯಾವ ಸಭೆಯಲ್ಲೂ ಹೇಳಿರಲಿಲ್ಲ. ಅವನಿಗೆ ಮೊದಲು ಹೇಳಿದೆ, ಈಗ ನಿಮಗೆ. ನಿಮ್ಮಲ್ಲಿ ಯಾರಾದರೂ ನನ್ನ ಆ ಸಾಕ್ಷಿ ಕೇಳಿ "ನನಗೆ ವಿಶ್ವಾಸ ಸಾಲದು" ಅಂತ ಕೊರಗಿದ್ದರೆ, ಕ್ಷಮಿಸಬೇಕು.

ಗೊಲ್ಗೊಥಾದಲ್ಲಿ ನಮ್ಮ ಕರ್ತನಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟರು, ನೋವು ಮಂಕಾಗಲಿ ಅಂತ. ಆತನು ತಗೊಳ್ಳಲಿಲ್ಲ. ಆದರೆ ಕೊಟ್ಟವರನ್ನು ಗದರಿಸಿದ ಅಂತ ಮಾರ್ಕನು ಎಲ್ಲೂ ಬರೆದಿಲ್ಲ. ಬಿಡುವಾಗ ನೋವು ಇರ್ತದೆ: ತಲೆ ಸಿಡಿತ, ಸಿಟ್ಟು, ನಿದ್ದೆ ಇಲ್ಲ. ಅದಕ್ಕೆ ಔಷಧಿ ತಗೊಂಡರೆ ವಿಶ್ವಾಸ ಕಡಿಮೆ ಆಗಲ್ಲ. 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಅಂಗಡಿಯಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಸಿಗ್ತದೆ, ಅದರಲ್ಲಿ ಎಷ್ಟಿದೆ ಅಂತ ಬೇರೆಯವರು ಅಳೆದು, ಜವಾಬ್ದಾರಿ ಹೊತ್ತು ಕೊಟ್ಟಿರ್ತಾರೆ. ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356, ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು.

ಆ ಬಾಟಲಿಗಳನ್ನು ಅವನು ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಬೀಗ ಇರುವ ಡಬ್ಬಿಯೊಂದನ್ನು ಮಾತ್ರ ಕೊಟ್ಟು ಕಳಿಸಿದೆ, ಅಕ್ಕನ ಮನೆಗೆ ಹೋಗುವ ಮೊದಲು ಎಲ್ಲ ಅದರೊಳಗೆ ಹಾಕು ಅಂತ. ಪ್ರತಿ ಶನಿವಾರ ರಾತ್ರಿ ಫೋನ್ ಮಾಡ್ತಾನೆ. ಹೋದ ಶನಿವಾರ ಹೇಳಿದ, ನೋಟ್‌ಬುಕ್ಕಿನಲ್ಲಿ 12 ಇದ್ದ ನಿಕೋಟಿನ್ 6ಕ್ಕೆ ಬಂದದ ಅಂತ. "ಗಮ್ ತಗೊಂಡ್ಯೇನು?" ಅಂದೆ. "ನಾಳಿ ತಗೊಳ್ತೀನಿ ಅಣ್ಣಾ" ಅಂದ. ನಾಳೆ ಶನಿವಾರ. ಮತ್ತೆ ಕೇಳ್ತೀನಿ. ನೀವೂ ಅವನಿಗಾಗಿ ಪ್ರಾರ್ಥಿಸ್ರಿ, ಹೆಸರು ಕರ್ತನಿಗೆ ಗೊತ್ತು. ಮಾತಾಡಬೇಕಾದವರು ಇದ್ದರೆ, ಕೂಟ ಮುಗಿದ ಮೇಲೆ ನಾನು ಹಿಂದಿನ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಕಡೆ ಇರ್ತೀನಿ, ಅವಸರ ಇಲ್ಲ.